ರೆಕ್ಕೆಯ ಮೇಲಿನ ಸಂರಕ್ಷಿತ ಹಿಮ

ತುರುಯಾಖ್ ವಿಮಾನ ನಿಲ್ದಾಣದ ಏಕೈಕ ವಿಮಾನದ ರೆಕ್ಕೆಯ ಮೇಲೆ ಕೂತಿದ್ದ ಹಿಮವನ್ನು ಡಿಸೆಂಬರ್ ಹನ್ನೊಂದನೆಯ ತಾರೀಕು, ಗುರುವಾರ, ಬೆಳಗಿನ ಹತ್ತು ಗಂಟೆಗೆ ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಯಿತು. ಘೋಷಣೆಯ ಸಮಯದಲ್ಲಿ ಹೊರಗೆ ಸೊನ್ನೆಗಿಂತ ಐವತ್ತೊಂದು ಡಿಗ್ರಿ ಕೆಳಗಿತ್ತು. ಸಭೆ ಒಳಗೆ ನಡೆಯಿತು.

ಅಗ್ರಫೇನಾ ನೊಗೊವಿತ್ಸಿನಾ ಆ ಹೊತ್ತಿಗೆ ಸರಿಯಾಗಿ ಏಣಿ ಹತ್ತಿ, ಅದೇ ರೆಕ್ಕೆಯ ಮುಂದೆ ಕಡ್ಡಿಪೊರಕೆ ಹಿಡಿದು ನಿಂತಿದ್ದಳು. ಮೂವತ್ತೊಂದು ವರ್ಷದಿಂದ ಅವಳ ಕೆಲಸವೇ ಅದು. ವಿಮಾನ ಹೊರಡುವ ಮೊದಲು ರೆಕ್ಕೆಯ ಮೇಲಿನ ಹಿಮ ಗುಡಿಸಬೇಕು. ಪೊರಕೆಗೆ ಬಗ್ಗದ್ದನ್ನು ದಪ್ಪ ಹಗ್ಗ ಅಡ್ಡ ಹಾಕಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಎಳೆದಾಡಿ ಉಜ್ಜಿ ತೆಗೆಯಬೇಕು. ಕೊನೆಗೆ ಕೈಗವಸು ಕಳಚಿ, ಒಂದು ಉಸಿರಿನಷ್ಟು ಹೊತ್ತು ಬರಿಗೈಯಲ್ಲಿ ಸವರಿ ನೋಡಿ, "ರೆಕ್ಕೆ ಶುಚಿಯಾಗಿದೆ, ಹಾರಬಹುದು" ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಬೀಳದೆ ಪೈಲಟ್ ಇಂಜಿನ್ ಮುಟ್ಟುವಂತಿಲ್ಲ, ಬಿದ್ದ ಮೇಲೆ ಹಾರದೆ ಇರುವಂತಿಲ್ಲ. ಪೈಲಟ್ ಗವ್ರಿಲ್ ಅವಳ ಮಗಳ ಗಂಡ. ಇದರಲ್ಲಿ ಯಾರ ವಶೀಲಿಯೂ ಇಲ್ಲ, ಊರು ಇರುವುದೇ ಅಷ್ಟು.

ಧ್ವನಿವರ್ಧಕ ಕೆಮ್ಮಿ ಗಂಟಲು ಸರಿಮಾಡಿಕೊಂಡಿತು.

"ಏಣಿಯ ಮೇಲಿರುವ ನೌಕರರ ಗಮನಕ್ಕೆ. ತಮ್ಮ ಕೈಯಲ್ಲಿರುವ ಪೊರಕೆಯನ್ನು ಈ ಕೂಡಲೇ ಕೆಳಗಿಳಿಸತಕ್ಕದ್ದು. ತಾವು ಸ್ಮಾರಕವೊಂದರ ಸಮೀಪ ನಿಂತಿದ್ದೀರಿ."

ಅಗ್ರಫೇನಾ ಹಿಂದೆ ಮುಂದೆ ನೋಡಿದಳು. ಏಣಿಯ ಮೇಲೆ ಅವಳನ್ನು ಬಿಟ್ಟು ಬೇರೆ ನರಪಿಳ್ಳೆ ಇರಲಿಲ್ಲ.

ಇದರ ಹಿನ್ನೆಲೆ ಹೇಳದೆ ಮುಂದೆ ಹೋದರೆ ಇಲಾಖೆಗೆ ಅನ್ಯಾಯ ಮಾಡಿದಂತಾಗುತ್ತದೆ. ತುರುಯಾಖಿನಿಂದ ನದಿ ಹರಿಯುವ ದಿಕ್ಕಿನಲ್ಲಿ ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಮೂಸ್‌ಆರಿ ಎಂಬ ಊರಿದೆ. ತಾವೇ ಚಳಿಯ ರಾಜಧಾನಿ ಎಂದು ಎರಡೂ ಊರಿನವರು ತಾತನ ಕಾಲದಿಂದ ಜಗಳವಾಡುತ್ತಿದ್ದಾರೆ. "ನಿಮ್ಮೂರಲ್ಲಿ ಸ್ವಲ್ಪ ಬೆಚ್ಚಗಂತೆ" ಎಂಬ ಒಂದು ಮಾತಿಗೆ ನಿಶ್ಚಯವಾದ ಮದುವೆಗಳು ಮುರಿದುಬಿದ್ದಿವೆ. ಹೋದ ವರ್ಷ ಮೂಸ್‌ಆರಿಯವರು ಉಷ್ಣಮಾಪಕವನ್ನು ಹಳ್ಳ ತೋಡಿ ಇಟ್ಟು ಮೋಸ ಮಾಡಿದರು. ತುರುಯಾಖಿನವರು ಹಾಗೆ ಮಾಡುವ ಜನ ಅಲ್ಲ, ಅವರು ತಮ್ಮದನ್ನು ಹೆಪ್ಪುಗಟ್ಟಿದ ಮೀನಿನ ಹೊಟ್ಟೆಯಲ್ಲಿ ಇಟ್ಟಿದ್ದರು. ಇದರಿಂದ ಬೇಸತ್ತ ಜಿಲ್ಲಾ ಆಡಳಿತ, ಈ ವರ್ಷ ಉಷ್ಣಮಾಪಕವೇ ಬೇಡ, ತಾನಾಗಿ ಬೆಳೆದ ಹಿಮದ ಪೊರೆಯನ್ನು ಭಾನುವಾರ ಮೂಸ್‌ಆರಿಯಲ್ಲಿ ಹಾಜರುಪಡಿಸಿ, ಯಾರದು ದಪ್ಪವೋ ಅವರೇ ರಾಜಧಾನಿ ಎಂದು ತೀರ್ಮಾನಿಸಿತು. ಅತ್ಯಂತ ಚಳಿಯ ಊರಿಗೆ ಬಹುಮಾನವಾಗಿ ಇಡೀ ಊರನ್ನು ಬೆಚ್ಚಗಿಡುವ ಹೊಸ ಬಾಯ್ಲರ್ ಇಡಲಾಗಿತ್ತು. ಗೆದ್ದರೆ ಅದನ್ನು ಎಲ್ಲಿ ಸ್ಥಾಪಿಸಬೇಕೆಂದು ನಿಲ್ದಾಣದ ಮುಖ್ಯಸ್ಥರು ಸಾರ್ವಜನಿಕ ಹಿತದೃಷ್ಟಿಯಿಂದ ಯೋಚಿಸಿ, ತಮ್ಮ ಮನೆಯ ಹಿತ್ತಿಲನ್ನು ಗೊತ್ತುಮಾಡಿದ್ದರು.

ಆರು ದಿನದಿಂದ ದಟ್ಟ ಮಂಜು ಕವಿದು ವಿಮಾನ ಬಯಲಲ್ಲೇ ನಿಂತಿತ್ತು. ವಿಮಾನಕ್ಕೊಂದು ಶೆಡ್ಡಿದೆ, ಆದರೆ ಅದರಲ್ಲಿ ಮುಖ್ಯಸ್ಥರ ಜೀಪು ವಾಸವಾಗಿದೆ. ರೆಕ್ಕೆಗೆ ಹೊದಿಸುವ ಕ್ಯಾನ್ವಾಸು ಹೊದಿಕೆಗಳೂ ಇವೆ, ಆದರೆ ಅವು ಮುಖ್ಯಸ್ಥರ ಕಚೇರಿಯಲ್ಲಿ ಕಿಟಕಿ ಪರದೆಯಾಗಿ ಸೇವೆ ಸಲ್ಲಿಸುತ್ತಿವೆ. ಹೀಗೆ ಎಲ್ಲರ ಸಹಕಾರದಿಂದ ರೆಕ್ಕೆಯ ಮೇಲೆ ಬೆರಳು ದಪ್ಪದ ಹಿಮ ಗರಿಗರಿಯಾಗಿ ಬೆಳೆದು ನಿಂತಿತ್ತು. ಜಿಲ್ಲೆಯಲ್ಲೇ ಅಂಥದ್ದು ಇರಲಿಲ್ಲ.

ಮುಖ್ಯಸ್ಥರಾದ ಇನ್ನೊಕೆಂತಿ ಯೆಗೊರೊವಿಚ್ ಆ ಪರದೆಗಳ ಮುಂದೆ ಕೂತು ಅಗ್ರಫೇನಾಳನ್ನು ಒಳಗೆ ಕರೆಸಿದರು.

"ಕೂತ್ಕೊಳ್ಳಿ ಅಗ್ರಫೇನಕ್ಕ. ಶನಿವಾರ ಬೆಳಿಗ್ಗೆ ವಿಮಾನ ಮೂಸ್‌ಆರಿಗೆ ಹಾರ್ಬೇಕು. ಹಿಮ ರೆಕ್ಕೆ ಮೇಲೇ ಇರ್ಬೇಕು. ನೀವು ಸಹಿ ಹಾಕ್ಬೇಕು. ಮೂರೇ ಮೂರು ವಿಷಯ."

"ಮೂರರಲ್ಲಿ ಯಾವುದಾದ್ರೂ ಎರಡು ಆರಿಸ್ಕೊಳ್ಳಿ, ದೊರೆ," ಎಂದಳು ಅಗ್ರಫೇನಾ.

"ಯಾಕೆ? ಎಷ್ಟು ಚೆಂದ ಇದೆ ನೋಡಿ, ಒಳ್ಳೇ ಹಕ್ಕಿ ಗರಿ ಥರ. ಗರಿ ಇದ್ರೆ ಹಾರೋಕೆ ಇನ್ನೂ ಅನುಕೂಲ ಅಲ್ವಾ?"

ಅಗ್ರಫೇನಾಗೆ ನಗು ಬಂತು, ಆಮೇಲೆ ಅವರ ಮುಖ ನೋಡಿದಳು. ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ.

"ದೊರೆ, ನೀವು ಬೇಟೆಗೆ ಹೋಗುವಾಗ ಹಿಮದ ಮೇಲೆ ಜಾರೋ ಹಲಗೆ ಕಟ್ಕೋತೀರಲ್ಲ, ಅದರ ಅಡಿಗೆ ಜಿಂಕೆ ಕಾಲಿನ ತೊಗಲು ಅಂಟಿಸಿರ್ತೀರ. ಕೂದಲು ಯಾವ ಕಡೆಗಿರುತ್ತೆ?"

"ಹಿಂದಕ್ಕೆ."

"ಒಂದ್ಸಲ ಮುಂದಕ್ಕೆ ಮಾಡಿ ಅಂಟಿಸಿ ನೋಡಿ. ಇಳಿಜಾರಲ್ಲಿ ನಿಂತ್ರೂ ಹಲಗೆ ಜಪ್ಪಯ್ಯ ಅನ್ನಲ್ಲ. ಗಾಳೀದೂ ಅದೇ ಕಥೆ. ರೆಕ್ಕೆ ನುಣ್ಣಗಿದ್ರೆ ಗಾಳಿ ಅದರ ಬೆನ್ನಿಗೆ ಅಂಟಿ ಹರಿಯುತ್ತೆ, ಮೇಲಕ್ಕೆತ್ತುತ್ತೆ. ಒರಟಾದ್ರೆ ಎಡವುತ್ತೆ, ಬಿಟ್ಟು ಹೋಗುತ್ತೆ. ಅದಕ್ಕೆ ಉಪ್ಪಿನ ಹರಳಿನಷ್ಟು ಹಿಮ ಸಾಕು. ಇಲ್ಲಿ ಬೆರಳು ದಪ್ಪ ಕೂತಿದೆ."

"ಅಂದ್ರೆ ವಿಮಾನ ಏಳೋದೇ ಇಲ್ವಾ?"

"ಏಳುತ್ತೆ. ಕಷ್ಟ ಇರೋದೇ ಅಲ್ಲಿ. ಮನೆ ಮಾಡಿನಷ್ಟು ಎತ್ತರ ಏಳುತ್ತೆ. ಅಲ್ಲಿಗೆ ಹೋಗಿ ಮನಸ್ಸು ಬದಲಾಯಿಸುತ್ತೆ."

ಮುಖ್ಯಸ್ಥರು ಈ ಅಂಶವನ್ನು ಗುರುತುಹಾಕಿಕೊಂಡರು. ಆಮೇಲೆ ನಿಯಮಾವಳಿ ತೆಗೆದು ಹದಿನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಓದಿದರು: ಹಾರುವ ವಿಮಾನದ ರೆಕ್ಕೆಯ ಮೇಲೆ ಹಿಮ, ಮಂಜುಗಡ್ಡೆ, ಹೆಪ್ಪುಗಟ್ಟಿದ ಇಬ್ಬನಿ ಇತ್ಯಾದಿ ಇರತಕ್ಕದ್ದಲ್ಲ.

"ಸ್ಮಾರಕ ಇರತಕ್ಕದ್ದಲ್ಲ ಅಂತ ಎಲ್ಲಾದ್ರೂ ಇದೆಯಾ? ಇಲ್ಲ. ಇವತ್ತು ಬೆಳಿಗ್ಗೆ ಹತ್ತು ಗಂಟೆಯಿಂದ ಅದು ಹಿಮ ಅಲ್ಲ."

"ಅದು ಹಿಮ ಅಲ್ಲ ಅಂತ ಗಾಳಿಗೆ ಗೊತ್ತಾ?"

"ಆದೇಶದ ಒಂದು ಪ್ರತೀನ ಹವಾಮಾನ ಕಚೇರಿಗೆ ಕಳಿಸಿದೀವಿ."

"ಗಾಳಿಯಿಂದ ಉತ್ತರ ಬಂತಾ?"

"ಹದಿನೈದು ದಿನದೊಳಗೆ ಆಕ್ಷೇಪಣೆ ಬರದಿದ್ರೆ ಒಪ್ಪಿಗೆ ಅಂತಲೇ ಲೆಕ್ಕ."

"ಶನಿವಾರಕ್ಕೆ ಎರಡೇ ದಿನ ಉಳಿದಿದೆಯಲ್ಲ?"

"ಅದಕ್ಕೇ ತಲೆಬರಹದಲ್ಲಿ ಕೆಂಪು ಶಾಯೀಲಿ 'ತುರ್ತು' ಅಂತ ಬರೆದಿದೀನಿ."

ಇಷ್ಟು ಹೇಳಿ ಅವರು ಇನ್ನೊಂದು ಕಾಗದವನ್ನು ಮೇಜಿನ ಮೇಲೆ ಸರಿಸಿದರು. ಶನಿವಾರ ಬೆಳಿಗ್ಗೆ ಒಂಬತ್ತರೊಳಗೆ ಸಹಿಯಾಗದಿದ್ದರೆ ಅಗ್ರಫೇನಾಳನ್ನು ಕ್ಯಾಂಟೀನಿನ ತಟ್ಟೆ ವಿಭಾಗಕ್ಕೆ ವರ್ಗಾಯಿಸಿ, ಅವಳ ಜಾಗಕ್ಕೆ ನಿಕಾಂದ್ರನನ್ನು ನೇಮಿಸಲಾಗುವುದು. ನಿಕಾಂದ್ರ ಮುಖ್ಯಸ್ಥರ ಹೆಂಡತಿಯ ತಮ್ಮ. ಚಳಿ ಅಂದರೆ ಅವನಿಗೆ ಆಗದು. ಅಕ್ಟೋಬರಿನಲ್ಲಿ ಕ್ಯಾಂಟೀನಿನ ಒಲೆ ಪಕ್ಕ ಕೂತವನು ಇನ್ನೂ ಎದ್ದಿಲ್ಲ. ನೇಮಕದ ಸುದ್ದಿ ಕೇಳಿ ಅವನು ಕೇಳಿದ ಪ್ರಶ್ನೆ ಒಂದೇ: ಇಡೀ ಚಳಿಗಾಲದ ಸಹಿಗಳನ್ನು ಒಟ್ಟಿಗೇ ಹಾಕಿಕೊಟ್ಟರೆ ನಡೆಯುತ್ತದೆಯೇ?

ಅಗ್ರಫೇನಾ ಕಾಗದವನ್ನು ಓದಿ ಮಡಚಿದಳು. ಸಹಿ ಹಾಕಿದರೆ ತಾನೇ ಹನ್ನೆರಡು ಪ್ರಯಾಣಿಕರನ್ನೂ ಅಳಿಯನನ್ನೂ ಕೊಂದ ಹಾಗೆ. ಹಾಕದಿದ್ದರೆ ನಿಕಾಂದ್ರ ಒಲೆ ಪಕ್ಕ ಕೂತೇ ಅದೇ ಕೆಲಸ ಮುಗಿಸುತ್ತಾನೆ. ಅವಳು ತಟ್ಟೆ ತೊಳೆಯುವುದಕ್ಕೆ ಹೆದರಿದವಳಲ್ಲ. ಆದರೆ ತಾನು ತಟ್ಟೆ ತೊಳೆಯುತ್ತಿರುವಾಗ ಹೊರಗೆ ಆ ಇಂಜಿನ್ ಸದ್ದು ಏರಿ, ಏರಿ, ಫಕ್ಕನೆ ನಿಂತುಬಿಟ್ಟರೆ? ಆ ಯೋಚನೆಯನ್ನೇ ಅವಳು ಕೊಡವಿ ಹಾಕಿದಳು.

ಸಂಜೆ ಅಳಿಯ ಮನೆಗೆ ಬಂದು ಬೂಟು ಬಿಚ್ಚುವಾಗ ಅವಳು ನೇರವಾಗಿ ಕೇಳಿದಳು.

"ಗವ್ರಿಲಾ, ನಿಕಾಂದ್ರ ಸಹಿ ಹಾಕಿದ್ರೆ ಹಾರ್ತೀಯಾ?"

"ಹಾರ್ದೆ ಏನ್ಮಾಡ್ಲಿ ಅತ್ತೆ? ಸಹಿ ಬಿದ್ದ ಮೇಲೂ ಹಾರಲ್ಲ ಅಂದ್ರೆ ಲೈಸೆನ್ಸೇ ಕಿತ್ಕೋತಾರೆ." ಅವನು ಇನ್ನೊಂದು ಬೂಟನ್ನೂ ಕಳಚಿದ. "ನಿಮ್ಮ ಸಹಿ ಇದ್ರೆ ನಾನು ರೆಕ್ಕೆ ಕಡೆ ತಿರುಗೂ ನೋಡಲ್ಲ. ನಿಮಗೇ ಗೊತ್ತಲ್ಲ."

"ತಿರುಗಿ ನೋಡೋ, ಕತ್ತೆ," ಎಂದು ಅವಳು ಬೈದು, ಅವನ ತಟ್ಟೆಗೆ ಇನ್ನೆರಡು ದೋಸೆಯನ್ನೂ ಒಂದು ಗುಡ್ಡ ಬೆಣ್ಣೆಯನ್ನೂ ಹಾಕಿದಳು.

ಶುಕ್ರವಾರ ಸ್ಮಾರಕ ಸಂರಕ್ಷಣಾ ನಿಯಮಗಳು ಪ್ರಕಟವಾದವು. ಸದರಿ ಸ್ಮಾರಕದಿಂದ ಮೂರು ಮೀಟರ್ ಒಳಗೆ ಯಾರೂ ಬಿಸಿ ಉಸಿರು ಬಿಡತಕ್ಕದ್ದಲ್ಲ. ಚಹಾ ಕುಡಿದು ಒಂದು ಗಂಟೆಯೊಳಗೆ ಯಾರೂ ಅದನ್ನು ಮೆಚ್ಚತಕ್ಕದ್ದಲ್ಲ. ಸೀನು ಬಂದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು. ನಿಲ್ದಾಣದಲ್ಲಿರುವ ಸಮಸ್ತ ಪೊರಕೆಗಳಿಗೆ, ಅಂದರೆ ಒಂದು ಪೊರಕೆಗೆ, ಅರಗಿನ ಮೊಹರು ಹಾಕತಕ್ಕದ್ದು. ಸ್ಮಾರಕಕ್ಕೆ ಒಬ್ಬ ಪಾಲಕರಿರತಕ್ಕದ್ದು, ಅವರಿಗೆ ದಿನಭತ್ಯೆ ಸಲ್ಲತಕ್ಕದ್ದು. ಪಾಲಕರ ಹುದ್ದೆಗೆ ಬಂದ ಏಕೈಕ ಅರ್ಜಿಯನ್ನು ಪರಿಶೀಲಿಸಿ, ಇನ್ನೊಕೆಂತಿ ಯೆಗೊರೊವಿಚ್ ಅವರು ಇನ್ನೊಕೆಂತಿ ಯೆಗೊರೊವಿಚ್ ಅವರನ್ನೇ ನೇಮಿಸಿದರು.

ಮೂರು ದಿನದಿಂದ ನಿಲ್ದಾಣದಲ್ಲೇ ಬಿಡಾರ ಹೂಡಿದ್ದ ಪ್ರಯಾಣಿಕರಿಗೆ ಅಗ್ರಫೇನಾ ಈ ಪ್ರಕಟಣೆಯನ್ನು ಓದಿ ಹೇಳುತ್ತಿದ್ದಳು. ಅವರಿಗೆಲ್ಲ ಕೋಪ ಇದ್ದದ್ದು ಅವಳ ಮೇಲೆಯೇ. ಅವರ ಪರವಾಗಿ ಮಾತಾಡುತ್ತಿದ್ದವಳು ಫೆವ್ರೋನಿಯಾ ಅಜ್ಜಿ. ಹೆಪ್ಪುಗಟ್ಟಿದ ಮೀನಿನ ಮೂಟೆಯನ್ನು ಸೌದೆ ಹೊರೆಯಂತೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೂತಿದ್ದಳು.

"ಏನೇ ಹುಡುಗಿ, ಒಂದು ಸಹಿ ಗೀಚೋದಕ್ಕೆ ಇಷ್ಟು ಬಿಂಕ ಯಾಕೆ? ನಿನ್ನ ಮುತ್ತಿನಂಥ ಅಕ್ಷರ ಸವೆದು ಹೋಗುತ್ತಾ?"

"ಅಜ್ಜಿ, ಸಹಿ ಹಾಕಿದ್ರೆ ನೀನು ಸೀದಾ ನಿನ್ನ ಗಂಡನ ಹತ್ರ ಹೋಗ್ತೀಯ."

"ಅವನು ಸತ್ತು ಇಪ್ಪತ್ತು ವರ್ಷ ಆಯ್ತು!"

"ಅದನ್ನೇ ಹೇಳ್ತಿರೋದು."

ಅಜ್ಜಿ ತುಸು ಹೊತ್ತು ಲೆಕ್ಕ ಹಾಕಿ, ಅವನ ಹತ್ತಿರ ಹೋಗುವ ಅವಸರ ತನಗೇನೂ ಇಲ್ಲ ಎಂದು ಸ್ಪಷ್ಟಪಡಿಸಿದಳು.

ಅಗ್ರಫೇನಾ ಮುಂದಿನ ನಿಯಮ ಓದಿದಳು. ಓದಿ ನಿಲ್ಲಿಸಿದಳು. ಮತ್ತೊಮ್ಮೆ ಓದಿದಳು. ಪಾಲಕರು ಯಾವ ಕಾರಣಕ್ಕೂ ಸ್ಮಾರಕದಿಂದ ಹತ್ತು ಮೀಟರಿಗಿಂತ ದೂರ ಹೋಗತಕ್ಕದ್ದಲ್ಲ, ಸ್ಪರ್ಧೆ ಮುಗಿಯುವ ತನಕ ಪಾಲಕರನ್ನು ಬದಲಾಯಿಸತಕ್ಕದ್ದಲ್ಲ. ಭತ್ಯೆ ಇನ್ನೊಬ್ಬರ ಪಾಲಾಗದಿರಲಿ ಎಂದು ಮುಖ್ಯಸ್ಥರು ಖುದ್ದಾಗಿ ಸೇರಿಸಿದ್ದ ವಾಕ್ಯಗಳು ಇವು. ತಮ್ಮ ಕುರ್ಚಿಯಿಂದ ವಿಮಾನಕ್ಕೆ ಒಂಬತ್ತೂವರೆ ಮೀಟರ್ ಎಂದು ಅಳತೆಪಟ್ಟಿ ಹಿಡಿದು ಖಾತ್ರಿಯನ್ನೂ ಮಾಡಿಕೊಂಡಿದ್ದರು. ವಿಮಾನ ಎಂಬುದು ಇದ್ದ ಜಾಗದಲ್ಲೇ ಇರುವ ವಸ್ತುವಲ್ಲ ಎಂಬುದೊಂದು ಅವರಿಗೆ ಹೊಳೆದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಇಂಥದ್ದು ಸಹಜ.

ಅಗ್ರಫೇನಾಗೆ ಆ ರಾತ್ರಿ ಗಾಢ ನಿದ್ದೆ ಬಂತು.

ಶನಿವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಪ್ರಯಾಣಿಕರೆಲ್ಲ ವಿಮಾನದ ಬಳಿ ಸಾಲಾಗಿ ನಿಂತರು. ಸ್ಮಾರಕದ ಮರ್ಯಾದೆಗಾಗಿ ಎಲ್ಲರೂ ಕಂಬಳಿ ಕವಚಿಕೊಂಡು ಉಸಿರು ಬಿಡುತ್ತಿದ್ದರು. ಮುಖ್ಯಸ್ಥರು ಪೆನ್ನನ್ನು ಹೆಪ್ಪುಗಟ್ಟದಂತೆ ಕಂಕುಳಲ್ಲಿಟ್ಟುಕೊಂಡು ಬಂದು ಅಗ್ರಫೇನಾಗೆ ಕೊಟ್ಟರು.

"ಹಾಕ್ತೀನಿ, ದೊರೆ," ಎಂದಳು ಅವಳು. "ಮೊದಲು ಪಾಲಕರು ಹತ್ತಿ ಕೂತ್ಕೊಳ್ಳಲಿ."

"ಯಾವ ಪಾಲಕರು?"

"ಹತ್ತು ಮೀಟರಿಗಿಂತ ದೂರ ಹೋಗತಕ್ಕದ್ದಲ್ಲ ಅಂತ ಗೋಡೆ ಮೇಲೆ ಅಂಟಿಸಿದೀರಲ್ಲ, ಅದೇ ಪಾಲಕರು."

ಮುಖ್ಯಸ್ಥರು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ಅವರ ಮುಖದ ಬಣ್ಣ ನಿಧಾನವಾಗಿ ಸ್ಮಾರಕದ ಬಣ್ಣಕ್ಕೆ ತಿರುಗಿತು.

"ನಿಕಾಂದ್ರ ಹೋಗ್ತಾನೆ," ಎಂದರು.

ಕ್ಯಾಂಟೀನಿನ ಕಿಟಕಿ ಎರಡು ಬೆರಳಿನಷ್ಟು ತೆರೆಯಿತು. "ಭಾವ, ಪಾಲಕರನ್ನ ಬದಲಾಯಿಸ್ಬಾರದು ಅಂತ ನೀವೇ ಬರೆದಿದೀರ. ಕಾನೂನು ಅಂದ್ರೆ ಕಾನೂನು." ಕಿಟಕಿ ಮುಚ್ಚಿಕೊಂಡಿತು.

ಹನ್ನೆರಡು ಪ್ರಯಾಣಿಕರು ಕಂಬಳಿಯೊಳಗಿಂದ ಮುಖ್ಯಸ್ಥರನ್ನೇ ನೋಡುತ್ತಿದ್ದರು. ಮುಖ್ಯಸ್ಥರು ಹತ್ತಿದರು. ಪೈಲಟ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡರು, ಬಿಚ್ಚಿದರು, ಮತ್ತೆ ಬಿಗಿದುಕೊಂಡರು. ಆಮೇಲೆ ಕಿಟಕಿ ಸರಿಸಿ ಅಗ್ರಫೇನಾಳನ್ನು ಹತ್ತಿರ ಕರೆದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ನಿಲ್ದಾಣದ ಆಡಳಿತ ಹಾರಾಟದ ಶಾಸ್ತ್ರದಲ್ಲಿ ಆಸಕ್ತಿ ತೋರಿಸಿತು.

"ಅಕ್ಕ, ಉಪ್ಪಿನ ಹರಳಿನಷ್ಟು ಹಿಮ ಸಾಕು ಅಂದ್ರಲ್ಲ. ಅದು ಕಲ್ಲುಪ್ಪಾ, ಪುಡಿಯುಪ್ಪಾ?"

"ಪುಡಿಯುಪ್ಪು, ದೊರೆ."

"ಮನಸ್ಸು ಬದಲಾಯಿಸುತ್ತೆ ಅಂದ್ರಲ್ಲ. ಬದಲಾಯಿಸಿದ ಮೇಲೆ ಏನಾಗುತ್ತೆ?"

"ಒಂದು ಕಡೆಗೆ ವಾಲುತ್ತೆ. ಪೈಲಟ್ ಪಕ್ಕದ ಸೀಟಿನ ಕಡೆಗೆ ಅಂತ ಕೇಳಿದೀನಿ."

"ಗುಡಿಸಿಬಿಡಿ!" ಎಂದರು ಮುಖ್ಯಸ್ಥರು. ಹಿಂದೆಯೇ ಬಾಯಿ ಮುಚ್ಚಿಕೊಂಡರು. "ಬೇಡ ಬೇಡ. ಜಿಲ್ಲೆಗೆ ತಂತಿ ಕೊಟ್ಟಾಗಿದೆ. ಬಾಯ್ಲರಿಗೆ ಹಿತ್ತಿಲಲ್ಲಿ ಪಾಯ ತೋಡಿಸಾಗಿದೆ." ಅತ್ತ ದರಿ, ಇತ್ತ ಪುಲಿ. ದೊಡ್ಡ ದೇಹದ ಆ ಮನುಷ್ಯ ಸೀಟಿನಲ್ಲಿ ಮುದುಡಿ ಮಗುವಿನಷ್ಟಾಗಿದ್ದರು. "ಅಕ್ಕ, ಏನಾದ್ರೂ ದಾರಿ ತೋರ್ಸಿ."

"ದಾರಿ ಕಣ್ಮುಂದೇನೇ ಬಿದ್ದಿದೆಯಲ್ಲ," ಎಂದು ಅಗ್ರಫೇನಾ ನದಿಯ ಕಡೆ ಕೈ ತೋರಿದಳು. ನದಿ ಒಂದೂವರೆ ಮೀಟರ್ ದಪ್ಪ ಹೆಪ್ಪುಗಟ್ಟಿ, ಅದರ ಮೇಲೆ ಲಾರಿಗಳು ಓಡಾಡುತ್ತಿದ್ದವು. "ವಿಮಾನಕ್ಕೆ ಚಕ್ರದ ಬದಲು ಜಾರುಹಲಗೆ ಹಾಕಿದೆ. ಅಯಾಲ್ ಹತ್ರ ಟ್ರಾಕ್ಟರ್ ಇದೆ. ಒಂದು ಹಗ್ಗ ಕಟ್ಟಿ. ಹಿಮವೂ ಹೋಗುತ್ತೆ, ಜನವೂ ಹೋಗ್ತಾರೆ, ಬದುಕಿಯೂ ಹೋಗ್ತಾರೆ."

"ಟ್ರಾಕ್ಟರ್ ಎಳ್ಕೊಂಡು ಹೋದ್ರೆ ಅದು ವಿಮಾನಯಾನ ಹೇಗಾಗುತ್ತೆ?"

"ಪೈಲಟ್ ಇದಾನೆ, ರೆಕ್ಕೆ ಇದೆ, ಬೆಲ್ಟ್ ಇದೆ, ಟಿಕೆಟ್ ಹರಿದಾಗಿದೆ. ಇನ್ನೇನು ಬೇಕು?"

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತಾರೆ. ಮುಖ್ಯಸ್ಥರು ಸೀಟಿನಲ್ಲೇ ತೊಡೆಯ ಮೇಲೆ ಕಾಗದ ಇಟ್ಟು ಹೊಸ ನಿಯಮ ಬರೆದರು: "ವಿಮಾನಯಾನಕ್ಕೆ ಹಾರಾಟವು ಅಪೇಕ್ಷಣೀಯವೇ ಹೊರತು ಕಡ್ಡಾಯವಲ್ಲ." ಅಗ್ರಫೇನಾ ಕಂಬಳಿ ಕವಚಿಕೊಂಡು ಏಣಿ ಹತ್ತಿ, ಹಿಮವನ್ನು ನೋಡಿ, ಇಳಿದು, ತನ್ನ ಕಾಗದದ ಮೇಲೆ ಬರೆದಳು: "ರೆಕ್ಕೆಯ ಮೇಲೆ ಬೆರಳು ದಪ್ಪ ಹಿಮವಿದೆ. ಹಾರುವುದಿಲ್ಲ. ಹೊರಡಬಹುದು." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೆಳಗೆ ದೊಡ್ಡದಾಗಿ ಸಹಿ ಹಾಕಿದಳು.

ಒಂಬತ್ತು ಗಂಟೆ ಎರಡು ನಿಮಿಷಕ್ಕೆ ವಿಮಾನ ಹೊರಟಿತು. ಟ್ರಾಕ್ಟರ್ ಓಡಿಸುವ ಅಯಾಲ್ ತಲೆಗೆ ಪೈಲಟ್ ಟೋಪಿ ಬೇಕೆಂದು ಹಟ ಹಿಡಿದದ್ದರಿಂದ ಎರಡು ನಿಮಿಷ ತಡವಾಯಿತು, ಅದನ್ನು ಹವಾಮಾನ ವೈಪರೀತ್ಯದ ಲೆಕ್ಕಕ್ಕೆ ಹಾಕಲಾಯಿತು. ಗವ್ರಿಲ್ ಹಿಂದಕ್ಕೆ ತಿರುಗಿ ಪ್ರಯಾಣಿಕರಿಗೆ ಸ್ವಾಗತ ಕೋರಿದ. ತಾವೀಗ ನೀರಿನಿಂದ ಒಂದೂವರೆ ಮೀಟ‌ರ್ ಎತ್ತರದಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವುದಾಗಿಯೂ, ಹೊರಗಿನ ಉಷ್ಣತೆಯನ್ನು ಹೇಳಿದರೆ ಸ್ಪರ್ಧೆಯ ಗೌಪ್ಯಕ್ಕೆ ಭಂಗವಾಗುವುದಾಗಿಯೂ ತಿಳಿಸಿದ.

ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಮೂಸ್‌ಆರಿ ಗೋಪುರ ಮಾತಾಡಿತು. "ನಿಮ್ಮ ಎತ್ತರ ಎಷ್ಟು?"

"ಒಂದೂವರೆ ಮೀಟರ್. ಸ್ಥಿರ."

ಗೋಪುರ ಅದನ್ನು ಬರೆದುಕೊಂಡಿತು. "ಸರಿ. ಅದನ್ನೇ ಕಾಯ್ದುಕೊಳ್ಳಿ. ನಿಮ್ಮ ಕೆಳಗೆ ಬೇರೆ ವಿಮಾನ ಇಲ್ಲ."

ಫೆವ್ರೋನಿಯಾ ಅಜ್ಜಿ ನಲವತ್ತು ವರ್ಷದಿಂದ ಈ ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡೇ ಓಡಾಡಿದವಳು. ಈಗ ಮೂಗನ್ನು ಗಾಜಿಗೆ ಒತ್ತಿ ಹೊರಗೆ ನೋಡಿ, "ಅಯ್ಯಯ್ಯೋ, ನಿಲ್ಸೋ ಗವ್ರಿಲಾ! ನನ್ನ ಬಲೆ!" ಎಂದು ಕೂಗಿದಳು. ವಿಮಾನ ನಿಂತಿತು. ಅಜ್ಜಿ ಇಳಿದು, ಮಂಜುಗಡ್ಡೆಯ ತೂತಿನಿಂದ ಬಲೆ ಎಳೆದು, ನಾಲ್ಕು ಬಿಳಿಮೀನು ಹಿಡಿದುಕೊಂಡು ಬಂದಳು. ಮೀನು ಬಾಗಿಲು ದಾಟುವುದರೊಳಗೆ ಕಲ್ಲಾಗಿದ್ದವು. ಗವ್ರಿಲ್ ಚಾಕು ತೆಗೆದು ಎಳೆ ಎಳೆಯಾಗಿ ಹೆರೆದ. ಎಲ್ಲರೂ ಉಪ್ಪು ಮೆಣಸು ಅದ್ದಿಕೊಂಡು ತಿಂದರು. ಯಾರೋ ಹಾಡಲು ಶುರು ಮಾಡಿದರು. ದಾರಿ ಒಂದು ಕಡೆ ದಡ ಹತ್ತಿ ಇಳಿಯುವಲ್ಲಿ ವಿಮಾನ ಜಾರಿ ಟ್ರಾಕ್ಟರನ್ನೇ ಹಿಂದಿಕ್ಕಿತು, ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಇನ್ನೊಕೆಂತಿ ಯೆಗೊರೊವಿಚ್ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು. ತಾನೂ ಹತ್ತಿ ಬಂದು ಬಾಲದ ಹತ್ತಿರ ಕೂತಿದ್ದ ಅಗ್ರಫೇನಾ ಅಳಿಯನ ಬೋಳುತಲೆಯ ಹಿಂಭಾಗ ನೋಡುತ್ತಾ, ಇಂಥ ಸುಖದ ಪ್ರಯಾಣ ತಾನು ಜನ್ಮದಲ್ಲಿ ಮಾಡಿಲ್ಲ ಅಂದುಕೊಂಡಳು.

ಭಾನುವಾರ ಸ್ಪರ್ಧೆ ನಡೆಯಿತು. ಮೂಸ್‌ಆರಿಯವರು ಹಾಜರುಪಡಿಸಿದ್ದು ಒಂದು ಮೀಸೆ. ಆ ಮೀಸೆಯ ಮಾಲೀಕ ಸ್ಪಿರಿದೋನ್ ಎಂಬ ಬೆಸ್ತ ಊರಿನ ಮಾನಕ್ಕಾಗಿ ಎರಡು ದಿನದಿಂದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಹೆಂಡತಿ ಕಿಟಕಿಯಿಂದ ಆರಿದ ಸಾರು ಕೊಡುತ್ತಿದ್ದಳು. ತೀರ್ಪುಗಾರರು ಅಳೆದು ನೋಡಿದರೆ ರೆಕ್ಕೆಯ ಹಿಮವೂ ಮೀಸೆಯ ಹಿಮವೂ ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿದ್ದವು. ಎರಡೂ ಊರು ಚಳಿಯ ರಾಜಧಾನಿ ಎಂದು ಘೋಷಣೆಯಾಯಿತು. ಬಾಯ್ಲರನ್ನು ಯಾರಿಗೂ ಅನ್ಯಾಯವಾಗದಂತೆ ಎರಡೂ ಊರಿನ ಸರಿಯಾದ ಮಧ್ಯದಲ್ಲಿ, ಅಂದರೆ ಅರವತ್ತನೇ ಕಿಲೋಮೀಟರಿನ ಬಳಿ ನದಿಯ ಮಂಜುಗಡ್ಡೆಯ ಮೇಲೆ ಸ್ಥಾಪಿಸಿ, ಗಣ್ಯರು ಅದಕ್ಕೆ ಬೆಂಕಿ ಹಾಕಿ ಉದ್ಘಾಟಿಸಿದರು. ಅದು ಈಗಲೂ ಅಲ್ಲೇ ಇದೆ, ಸ್ವಲ್ಪ ಕೆಳಗೆ.

ರಾಜಧಾನಿಯ ಪುರಾವೆ ಊರಿಗೆ ಮರಳಬೇಕಾದ್ದರಿಂದ ವಾಪಸು ಪ್ರಯಾಣವೂ ಟ್ರಾಕ್ಟರಿನಲ್ಲೇ ಆಯಿತು. ಮಂಗಳವಾರ ಮತ್ತೆ. ಗುರುವಾರ ಮತ್ತೆ. ಪುರಾವೆಯ ಮೇಲೆ ಹೊಸ ಹಿಮ ಬೆಳೆಯುತ್ತಾ ಹೋಯಿತು, ಮುಖ್ಯಸ್ಥರ ಭತ್ಯೆಯೂ ಬೆಳೆಯಿತು. ಮಾರ್ಚಿನಲ್ಲಿ ಮೇಲಿನವರಿಂದ ಪ್ರಶಂಸಾಪತ್ರ ಬಂತು: ಇಡೀ ಚಳಿಗಾಲದಲ್ಲಿ ಒಮ್ಮೆಯೂ ವಿಮಾನ ಏರುವಾಗ ಅಪಾಯ ಸಂಭವಿಸದ ಉತ್ತರದ ಏಕೈಕ ನಿಲ್ದಾಣ ತುರುಯಾಖ್. ಹೊಸ ಪೈಲಟ್‌ಗಳ ತರಬೇತಿಯಲ್ಲಿ ಹಗ್ಗಕ್ಕೆ ಗಂಟು ಹಾಕುವುದನ್ನು ಸೇರಿಸಲಾಯಿತು. ಅಗ್ರಫೇನಾ ವಾರಕ್ಕೆರಡು ಸಲ "ಹಾರುವುದಿಲ್ಲ, ಹೊರಡಬಹುದು" ಎಂದು ಬರೆದಳು.

ಮೇ ಕೊನೆಗೆ ಬಿಸಿಲು ಬಂತು. ಸ್ಮಾರಕ ತೊಟ್ಟಿಕ್ಕಿತು, ಮೂರು ದಿನದಲ್ಲಿ ಇಲ್ಲವಾಯಿತು. ಸಂತಾಪ ಸೂಚಕ ಸಭೆ ನಡೆದು, ಎರಡು ನಿಮಿಷ ಮೌನ ಆಚರಿಸಿ, ಪೊರಕೆಯ ಮೊಹರು ಒಡೆಯಲಾಯಿತು. ನದಿ ಗುಡುಗಿನ ಸದ್ದು ಮಾಡಿ ಬಿರಿದು ಹರಿಯತೊಡಗಿತು. ಜೂನ್ ಆರನೆಯ ತಾರೀಕು ಗವ್ರಿಲ್ ವಿಮಾನಕ್ಕೆ ಚಕ್ರ ಹಾಕಿಸಿ, ಬೆಳಿಗ್ಗೆಯೇ ಅತ್ತೆಯ ಮುಂದೆ ಬಂದು ನಿಂತ. ಗಡ್ಡ ಹೆರೆದು, ಬಟ್ಟೆಗೆ ಇಸ್ತ್ರಿ ಹಾಕಿಕೊಂಡು, ಮದುವೆ ಗಂಡಿನ ಹಾಗಿದ್ದ.

"ಅತ್ತೆ, ಇವತ್ತು?"

ಅಗ್ರಫೇನಾ ಏಣಿ ಹತ್ತಿದಳು. ರೆಕ್ಕೆಯ ತುದಿಯಿಂದ ಬುಡದವರೆಗೆ ಅಂಗೈಯಲ್ಲಿ ಸವರಿದಳು. ಧೂಳಿನ ಕಣವೂ ಇರಲಿಲ್ಲ. ಅಲ್ಲಿಂದಲೇ ಅಳಿಯನ ಕಡೆ ನೋಡಿ ತಲೆಯಾಡಿಸಿ, ದೊಡ್ಡಕ್ಷರದಲ್ಲಿ ಬರೆದಳು: "ರೆಕ್ಕೆ ಶುಚಿಯಾಗಿದೆ, ಹಾರಬಹುದು."

ಕಾಗದ ಕಚೇರಿಗೆ ಹೋಗಿ ಐದು ನಿಮಿಷಕ್ಕೆ ಧ್ವನಿವರ್ಧಕ ಕೆಮ್ಮಿತು.

"ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದಾಗಿ ಮೂಸ್‌ಆರಿಗೆ ಹೊರಡುವ ಇಂದಿನ ವಿಮಾನವು ಹಾರುವ ಸಂಭವವಿದೆ. ಆಗಿರುವ ತೊಂದರೆಗಾಗಿ ವಿಷಾದಿಸುತ್ತೇವೆ."

ಆಗಲೇ ಹತ್ತಿ ಕೂತಿದ್ದ ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಒಬ್ಬ ತನ್ನ ಮಕ್ಕಳ ಹೆಸರು ಹೇಳಿಕೊಂಡು ಇಳಿದ. ಫೆವ್ರೋನಿಯಾ ಅಜ್ಜಿಯಂತೂ ಸೊಂಟದ ಮೇಲೆ ಕೈಯಿಟ್ಟು ಅಗ್ರಫೇನಾಳ ಎದುರಿಗೇ ಬಂದಳು.

"ಮೇಲಕ್ಕಾ? ಗಾಳಿಯಲ್ಲಾ? ಇಷ್ಟು ಜನಾನ ಕೊಲ್ಲೋಕೆ ಹೊರಟಿದೀಯಾ? ಚಳಿಗಾಲದಲ್ಲಿ ಎಷ್ಟು ಒಳ್ಳೇವಳಾಗಿದ್ದೆ ನೀನು!"

"ಅಜ್ಜಿ, ರೆಕ್ಕೆ ಕನ್ನಡಿ ಥರ ಇದೆ. ಬೇಕಾದ್ರೆ ಮುಟ್ಟಿ ನೋಡು. ನಲವತ್ತೇ ನಿಮಿಷ."

"ನಲವತ್ತು ನಿಮಿಷ ನೆಲ ಬಿಟ್ಟಿರೋದಾ! ಹೋಗೇ."

ಮುಖ್ಯಸ್ಥರು ಜನಾಭಿಪ್ರಾಯಕ್ಕೆ ತಲೆಬಾಗಿ, ರೆಕ್ಕೆ ಅತಿಯಾಗಿ ಶುಚಿಯಾಗಿರುವುದರಿಂದ ವಿಮಾನ ತಾನಾಗಿ ಹಾರಿಬಿಡುವ ಅಪಾಯವಿದೆಯೆಂದು ಷರಾ ಬರೆದರು. ಮಧ್ಯಾಹ್ನದೊಳಗೆ ಒಂದು ದೋಣಿತೆಪ್ಪ ತರಿಸಿ, ವಿಮಾನವನ್ನು ಅದರ ಮೇಲೆ ಹತ್ತಿಸಿ, ನಾಲ್ಕು ಕಡೆಯಿಂದ ಸರಪಳಿ ಬಿಗಿಯಲಾಯಿತು. ಅಗ್ರಫೇನಾಳ ಕಾಗದವನ್ನು ತಿದ್ದುಪಡಿಗಾಗಿ ಅವಳಿಗೇ ವಾಪಸು ಕೊಟ್ಟರು. ಅವಳು ಸರಪಳಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಗಟ್ಟಿಯಾಗಿದ್ದವು. ಗವ್ರಿಲ್ ಆಗಲೇ ತನ್ನ ಸೀಟಿನಲ್ಲಿ ಕೂತು, ಟೋಪಿ ಸರಿಮಾಡಿಕೊಂಡು, ಆಕಾಶ ನೋಡುತ್ತಿದ್ದ. ಮೋಡದ ಚೂರೂ ಇಲ್ಲದ ಆಕಾಶ. ಅವಳಿಗೆ ಅಳಿಯನ ಮೇಲೆ ಅಯ್ಯೋ ಅನ್ನಿಸಿತು. ಇನ್ನು ಅವನು ಪ್ರತಿ ಸಂಜೆಯೂ ಬದುಕಿ ಮನೆಗೆ ಬರುತ್ತಾನಲ್ಲ ಎಂದು ಹಿಗ್ಗೂ ಆಯಿತು. ಎರಡೂ ಒಟ್ಟಿಗೆ ನುಗ್ಗಿ ಬಂದು, ಅವಳು ತೆಪ್ಪದ ಅಂಚಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಮೇಲೆ ಕಣ್ಣೊರೆಸಿಕೊಂಡು, "ಹಾರಬಹುದು" ಎಂಬುದನ್ನು ಹೊಡೆದುಹಾಕಿ, "ಹಾರುವ ಭಯವಿಲ್ಲ" ಎಂದು ಬರೆದು ಸಹಿ ಮಾಡಿದಳು. ಅದನ್ನು ಧ್ವನಿವರ್ಧಕದಲ್ಲಿ ಓದಿ ಹೇಳಿದಾಗ ಪ್ರಯಾಣಿಕರು ನಿಟ್ಟುಸಿರುಬಿಟ್ಟು, ಚಪ್ಪಾಳೆ ತಟ್ಟಿ, ಹತ್ತಿ ಕೂತು ಬೆಲ್ಟು ಬಿಗಿದುಕೊಂಡರು. ವಿಮಾನವು ಒಂದು ಗಂಟೆ ಹತ್ತು ನಿಮಿಷಕ್ಕೆ ದಡ ಬಿಟ್ಟಿತು.